ಎರಡನೆಯ ಪಂಕ್ತಿ

2023ರ ಸೆಪ್ಟೆಂಬರ್‌ನಿಂದ ಮುಂದಿನ ಬೇಸಿಗೆಯವರೆಗೆ ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: ‘ಏನಾದರೂ ಬಂತಾ?’ ಕೇಳುತ್ತಿದ್ದವನು ನಾನು, ಉತ್ತರಿಸಬೇಕಾದವಳು ಮಗಳು. ಮೊದಮೊದಲು ‘ಇಲ್ಲಪ್ಪಾ’ ಅನ್ನುತ್ತಿದ್ದಳು. ಆಮೇಲೆ ಬರೀ ತಲೆ ಅಲ್ಲಾಡಿಸಿದಳು. ಡಿಸೆಂಬರ್ ಹೊತ್ತಿಗೆ ನಾನು ಬಾಯಿ ತೆರೆಯುವ ಮೊದಲೇ ಮಹಡಿ ಹತ್ತಿ ಹೋಗತೊಡಗಿದಳು.

ನಾವಿರುವುದು ಅಮೆರಿಕದ ಓಹಾಯೋದಲ್ಲಿ, ಕ್ಲೀವ್‌ಲ್ಯಾಂಡಿನ ಮಗ್ಗುಲಲ್ಲಿ. ಇಲ್ಲಿ ಪಿಯುಸಿ ಮುಗಿಸಿ ನೇರ ಡಾಕ್ಟರ್ ಓದಿಗೆ ಹೋಗುವ ಪದ್ಧತಿ ಇಲ್ಲ. ಡಿಗ್ರಿ ಮುಗಿಯುತ್ತ ಬಂದಾಗ ಎಂಕ್ಯಾಟ್ ಎಂಬ ಏಳೂವರೆ ಗಂಟೆಯ ಪರೀಕ್ಷೆ ಬರೆದು, ಜೂನ್‌ನಲ್ಲಿ ಅರ್ಜಿ ಹಾಕಬೇಕು. ಅರ್ಜಿ ಒಂದೇ, ಹೋಗುವುದು ಹತ್ತಾರು ಮೆಡಿಕಲ್ ಸ್ಕೂಲ್‌ಗಳಿಗೆ. ಆಮೇಲೆ ಪ್ರತಿ ಸ್ಕೂಲೂ ತನ್ನದೇ ಪ್ರಶ್ನೆಗಳನ್ನು ಕಳಿಸುತ್ತದೆ. ನೀನು ಸೋತ ಒಂದು ಸಂದರ್ಭ ಹೇಳು, ನಮ್ಮಲ್ಲಿಗೇ ಯಾಕೆ ಬರಬೇಕು ಹೇಳು, ಇಂಥವು. ಬೇಸಿಗೆಯಿಡೀ ಪ್ರಬಂಧ. ಬರೆದದ್ದು ಹಿಡಿಸಿದರೆ ಸಂದರ್ಶನಕ್ಕೆ ಕರೆ. ಮಗಳು ಅರ್ಜಿ ಹಾಕಿದ್ದು 22 ಕಡೆಗೆ, ಕರೆದವರು ಐದು ಕಡೆಯವರು. ಅವಳ ಸಾಲಿನಲ್ಲಿ ದೇಶದಾದ್ಯಂತ ಎಂಡಿ (ಇಲ್ಲಿ ಡಾಕ್ಟರ ಮೊದಲ ಪದವಿಯೇ ಎಂಡಿ) ಸೀಟಿಗೆ ಅರ್ಜಿ ಹಾಕಿದವರು ಸುಮಾರು 52 ಸಾವಿರ, ಕೊನೆಗೆ ಸೇರಿದವರು ಸುಮಾರು 23 ಸಾವಿರ. ‘ನೀಟ್ ಮುಂದೆ ಇದೇನು ಮಹಾ’ ಎಂದು ಶಿವಮೊಗ್ಗದಲ್ಲಿರುವ ನನ್ನ ತಮ್ಮ ನಕ್ಕಿದ್ದ. ಅವನ ಮಗನೂ ಅದೇ ವರ್ಷ ನೀಟ್‌ಗೆ ಕೂರುವವನಿದ್ದ. ನನಗೂ ಅವನ ಮಾತು ಸರಿಯೆನ್ನಿಸಿತ್ತು.

ಯಾಕೆಂದರೆ ಸೀಟಿಗಾಗಿ ಕಾಯುವುದು ನನಗೇನೂ ಹೊಸದಲ್ಲ. 1996ರಲ್ಲಿ ಸಿಇಟಿ ಕೌನ್ಸೆಲಿಂಗ್‌ಗೆಂದು ಅಪ್ಪನ ಜೊತೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬಂದಿದ್ದೆ. ಹಾಲಿನಲ್ಲಿ ಟಿವಿ ಇಟ್ಟಿದ್ದರು. ಯಾವ ಕಾಲೇಜಿನಲ್ಲಿ ಎಷ್ಟು ಫ್ರೀ ಸೀಟು, ಎಷ್ಟು ಪೇಮೆಂಟ್ ಸೀಟು ಉಳಿದಿದೆ ಎಂದು ಅದರಲ್ಲಿ ಓಡುತ್ತಿತ್ತು. ಒಬ್ಬ ಒಳಗೆ ಹೋಗಿ ಹೊರಬಂದರೆ ಎಲ್ಲೋ ಒಂದು ಅಂಕಿ ಇಳಿಯುತ್ತಿತ್ತು. ಕೈಯಲ್ಲಿ ರ್‍ಯಾಂಕು, ಕಣ್ಣೆದುರಿಗೆ ಸೀಟು. ಕೂಡಿಸಿ ಕಳೆಯುವುದಷ್ಟೇ ಕೆಲಸ. ನನ್ನ ಮುಂದೆ ಇನ್ನೂ ನಲವತ್ತು ಚಿಲ್ಲರೆ ಜನ ಇರುವಾಗಲೇ ಮೆಡಿಕಲ್‌ನ ಕೊನೆಯ ಫ್ರೀ ಸೀಟೂ ಹೋಗಿ ಸೊನ್ನೆ ಬಂತು. ಪೇಮೆಂಟ್ ಸೀಟುಗಳಿದ್ದವು. ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪನಿಗೆ ಅವು ಇದ್ದೂ ಇಲ್ಲದಂತೆ. ಅಪ್ಪ ಛತ್ರಿಯ ಹಿಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಟಿವಿಯನ್ನೇ ನೋಡಿದರು. ಆಮೇಲೆ ‘ಇಂಜಿನಿಯರಿಂಗ್ ತಗೋತೀಯಾ?’ ಅಂದರು. ತಗೊಂಡೆ. ಹೊಟ್ಟೆ ಉರಿಯಿತು, ನಿಜ. ಆದರೆ ಮನೆಗೆ ಹೋಗಿ ಮಲಗಿದರೆ ನಿದ್ದೆ ಬಂತು. ಸೊನ್ನೆ ಎಂದರೆ ಸೊನ್ನೆ.

ಮಗಳ ಮೊದಲ ಸಂದರ್ಶನ ಸೆಪ್ಟೆಂಬರ್‌ನಲ್ಲಿ. ಕೋವಿಡ್ ಬಂದಮೇಲೆ ಹೆಚ್ಚಿನ ಸ್ಕೂಲ್‌ಗಳು ಸಂದರ್ಶನವನ್ನು ಕಂಪ್ಯೂಟರ್ ಮೇಲೆಯೇ ಮಾಡುತ್ತಿದ್ದವು, ಹಾಗಾಗಿ ಅದು ನಡೆದದ್ದು ನಮ್ಮ ಮಹಡಿಯ ಕೋಣೆಯಲ್ಲಿ. ಮೇಲೆ ಕೋಟು, ಕೆಳಗೆ ಪೈಜಾಮ. ನನ್ನ ಹೆಂಡತಿ ಅವತ್ತು ಕುಕ್ಕರ್ ಕೂಗೀತೆಂದು ಅನ್ನಕ್ಕೇ ಇಡಲಿಲ್ಲ. ನಾನು ಬಾಗಿಲ ಗಂಟೆಯ ಬ್ಯಾಟರಿ ತೆಗೆದಿಟ್ಟು ಮೆಟ್ಟಿಲ ಕೆಳಗೆ ಕೂತೆ. ಆ ಸಂದರ್ಶನ ಎಂಎಂಐ ಎಂಬ ಬಗೆಯದು. ಈರಿ ಸರೋವರದ ಆಚೆಗಿನ ಕೆನಡಾದಲ್ಲಿ, ಹ್ಯಾಮಿಲ್ಟನ್ ಊರಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಹುಟ್ಟುಹಾಕಿದ್ದು. ಒಬ್ಬರೇ ಕೂತು ಒಂದು ಗಂಟೆ ಮಾತಾಡಿಸುವ ಬದಲು, ಏಳೆಂಟು ನಿಮಿಷಕ್ಕೊಬ್ಬ ಹೊಸ ಪರೀಕ್ಷಕ, ಹೊಸ ಸನ್ನಿವೇಶ. ಒಬ್ಬರ ಮುಂದೆ ತೊದಲಿದರೂ ಮುಂದಿನವರಿಗೆ ಅದು ಗೊತ್ತಿರುವುದಿಲ್ಲ. ಒಳ್ಳೆಯ ಉಪಾಯವೇ. ಮುಗಿಸಿ ಕೆಳಗಿಳಿದ ಮಗಳು ‘ಪರವಾಗಿಲ್ಲ ಅನ್ಸುತ್ತೆ’ ಅಂದಳು. ಅಷ್ಟೇ. ಅದಾದಮೇಲೆ ನಮಗೆ ಉಳಿದದ್ದು ಒಂದು ವೆಬ್ ಪುಟ, ಅದರಲ್ಲಿ ಒಂದು ಸಾಲು: ಸಂದರ್ಶನ ಮುಗಿದಿದೆ, ನಿರ್ಧಾರ ಬಾಕಿ.

ಈ ಸಾಲಿಗೆ ತಾರೀಖಿಲ್ಲ, ರ್‍ಯಾಂಕಿಲ್ಲ. ಮುಂದೆ ಎಷ್ಟು ಜನ, ಹಿಂದೆ ಎಷ್ಟು ಜನ ಗೊತ್ತಿಲ್ಲ. ನಾನು ಕಂಡ ಸರತಿಗಳಲ್ಲೆಲ್ಲ, ರೇಷನ್ ಅಂಗಡಿಯಿಂದ ಹಿಡಿದು ವೀಸಾ ಕಚೇರಿಯವರೆಗೆ, ಮುಂದಿನವನ ಬೆನ್ನಾದರೂ ಕಾಣುತ್ತಿತ್ತು.

ಕಾಣದ ಕಡೆ ಮನುಷ್ಯ ಜೋಯಿಸನಾಗುತ್ತಾನೆ. ಇಲ್ಲಿನ ನಿಯಮದ ಪ್ರಕಾರ ಅಕ್ಟೋಬರ್ 15ಕ್ಕೆ ಮೊದಲು ಯಾವ ಸ್ಕೂಲೂ ಸೀಟು ಕೊಡುವಂತಿಲ್ಲ. ಆ ವರ್ಷ ಅಕ್ಟೋಬರ್ 15 ಭಾನುವಾರ, ನವರಾತ್ರಿಯ ಮೊದಲ ದಿನ. ಹೆಂಡತಿ ಬೊಂಬೆ ಜೋಡಿಸುತ್ತಿದ್ದರೆ ನಾನು ಫೋನ್ ಹಿಡಿದು ಕೂತಿದ್ದೆ. ಭಾನುವಾರ ಯಾವ ಕಚೇರಿ ತೆರೆದಿರುತ್ತದೆ ಎಂಬ ಬುದ್ಧಿಯೂ ಇರಲಿಲ್ಲ. ವಿಜಯದಶಮಿ ಬಂತು, ದೀಪಾವಳಿ ಬಂತು. ಕನ್ನಡ ಸಂಘದ ಅಪ್ಪಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಪುಟದ ಬಣ್ಣ ಬದಲಾದರೆ ಶುಭ. ಶುಕ್ರವಾರ ಸಂಜೆ ಬರುವ ಪತ್ರ ಅಶುಭ. ಫೋನ್ ಬಂದರೆ ಸೀಟು, ಇಮೇಲ್ ಬಂದರೆ ಮಣ್ಣು. ನಾನೂ ಒಂದು ಎಕ್ಸೆಲ್ ಹಾಳೆ ಮಾಡಿ, ಯಾವ ಸ್ಕೂಲು ಯಾರ ಮಗುವಿಗೆ ಎಷ್ಟು ದಿನಕ್ಕೆ ಉತ್ತರ ಕೊಟ್ಟಿತು ಎಂದು ತುಂಬಿಸುತ್ತ ಹೋದೆ. ಅಕ್ಟೋಬರ್ ಕೊನೆಗೆ ಐದರಲ್ಲಿ ಒಂದು ಕಡೆಯಿಂದ ‘ಇಲ್ಲ’ ಬಂದಾಗ ಮಗಳು ಅರ್ಧ ದಿನ ಸಪ್ಪಗಿದ್ದು ಎದ್ದಳು. ನಾನು ಹಾಳೆಗೆ ಇನ್ನೆರಡು ಕಾಲಂ ಸೇರಿಸಿದೆ.

ಈಗ ಹೇಳಲು ನಾಚಿಕೆಯಾಗುವ ಭಾಗ.

ಅರ್ಜಿ ಶುಲ್ಕಗಳೆಲ್ಲ ನನ್ನ ಕಾರ್ಡಿನಿಂದ ಹೋಗುತ್ತಿದ್ದವು. ಅದಕ್ಕೆಂದು ಮಗಳು ಜೂನ್‌ನಲ್ಲೇ ಎಲ್ಲ ಸ್ಕೂಲ್‌ಗಳ ಪಾಸ್‌ವರ್ಡ್ ಬರೆದ ಹಾಳೆಯೊಂದನ್ನು ನನಗೆ ಕೊಟ್ಟಿದ್ದಳು. ಶುಲ್ಕ ಕಟ್ಟಿ ಮುಗಿದಮೇಲೂ ಹಾಳೆ ನನ್ನ ಮೇಜಿನ ಖಾನೆಯಲ್ಲಿತ್ತು. ಜನವರಿಯ ಒಂದು ಬೆಳಿಗ್ಗೆ ಐದು ಗಂಟೆಗೆ ಎಚ್ಚರವಾಯಿತು. ಹೊರಗೆ ಮೊಣಕಾಲುದ್ದ ಹಿಮ. ಅವಳಿಗಿಂತ ಮೊದಲು ನೋಡಿಬಿಡೋಣ, ಒಳ್ಳೆಯದಿದ್ದರೆ ಎಬ್ಬಿಸೋಣ ಎಂದುಕೊಂಡೆ. ಕೆಟ್ಟದಿದ್ದರೆ ಏನು ಮಾಡುವುದು ಎಂಬ ಯೋಚನೆಯೇ ಬರಲಿಲ್ಲ. ಅವಳು ಎಲ್ಲಕ್ಕಿಂತ ಹೆಚ್ಚು ಬಯಸಿದ್ದ ಸ್ಕೂಲಿನ ಪುಟ ತೆರೆದೆ. ಹೊಸ ಪತ್ರ ಒಂದಿತ್ತು. ಒತ್ತಿದೆ. ಎರಡನೆಯ ಸಾಲಿನಲ್ಲೇ ವಿಷಾದ ಸೂಚಿಸಿದ್ದರು.

ಅವತ್ತು ಹತ್ತು ಗಂಟೆಗೆ ಅವಳಿಗೊಂದು ಪರೀಕ್ಷೆ. ಹೇಳುವ ಹಾಗಿಲ್ಲ, ಹೇಳದೆ ಇರುವ ಹಾಗೂ ಇಲ್ಲ. ಅಡುಗೆಮನೆಗೆ ಹೋಗಿ ದೋಸೆ ಹುಯ್ದೆ. ವಾರದ ನಡುವೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಬ್ರೆಡ್ಡು. ಅವಳು ಕೆಳಗಿಳಿದು ‘ಇದೇನಪ್ಪಾ ಬುಧವಾರ ದೋಸೆ?’ ಅಂದಳು. ‘ಹಿಟ್ಟಿತ್ತು’ ಅಂದೆ. ಮೂರು ತಿಂದು, ನನ್ನ ಮುಖವನ್ನೊಮ್ಮೆ ನೋಡಿ ಹೋದಳು. ದಿನವಿಡೀ ಆಫೀಸಿನಲ್ಲಿ ನಾನು ಯಾವ ಕೆಲಸ ಮಾಡಿದೆನೋ ದೇವರೇ ಬಲ್ಲ.

ಸಂಜೆ ಅವಳೇ ಪುಟ ತೆರೆದಳು. ಓದದ ಪತ್ರಕ್ಕೆ ಅದರಲ್ಲೊಂದು ಕೆಂಪು ಗುರುತಿರುತ್ತದೆ. ಗುರುತಿರಲಿಲ್ಲ. ತೆರೆದ ಹೊತ್ತು 5 ಗಂಟೆ 12 ನಿಮಿಷ ಎಂದು ಪಕ್ಕದಲ್ಲೇ ನಮೂದಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು: ‘ದೋಸೆ ಹುಯ್ಯುವಾಗಲೇ ನಿಂಗೆ ಗೊತ್ತಿತ್ತಾ?’

ಹೌದು ಅಂದೆ.

‘ಅದು ನಂಗೆ ಬಂದ ಕಾಗದ ಅಪ್ಪಾ.’

ಕೂಗಾಡಲಿಲ್ಲ, ಅಳಲಿಲ್ಲ. ಆ ರಾತ್ರಿ ಕೂತು 22 ಪಾಸ್‌ವರ್ಡುಗಳನ್ನೂ ಬದಲಿಸಿದಳು. ಉತ್ತರ ಬಂದುಹೋಗಿದ್ದ ಕಡೆಯವನ್ನೂ ಬಿಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಖಾನೆಯಲ್ಲಿದ್ದ ಹಾಳೆ ಕಸದ ಬುಟ್ಟಿಯಲ್ಲಿತ್ತು, ನಾಲ್ಕಾಗಿ ಹರಿದು.

ನಾನು ಆ ವರ್ಷ ಕಾಯುತ್ತಿದ್ದದ್ದು ಅವಳ ಸೀಟಿಗೋ, 1996ರ ನನ್ನ ಸೀಟಿಗೋ ಎಂದು ಹೆಂಡತಿ ಅದೇ ವಾರ ಕೇಳಿದಳು. ‘ಅಸಂಬದ್ಧ ಮಾತಾಡಬೇಡ’ ಅಂದುಬಿಟ್ಟೆ. ಆದರೆ ಆ ಟಿವಿಯಲ್ಲಿ ಸೊನ್ನೆ ಬಂದಾಗ ಅದನ್ನು ನಾನೂ ಅಪ್ಪನೂ ಒಟ್ಟಿಗೇ ನೋಡಿದ್ದೆವು. ಅಪ್ಪ ನನಗಿಂತ ಮೊದಲು ಓದಿರಲಿಲ್ಲ.

ಈ ಸ್ಥಿತಿಯಲ್ಲಿ ನನ್ನನ್ನು ಕೂರಿಸಿ ಬುದ್ಧಿ ಹೇಳಿದವರು ನಮ್ಮ ಸಂಘದ ಹಿರಿಯ ಡಾಕ್ಟರೊಬ್ಬರು. ಮೆಡಿಕಲ್ ಸ್ಕೂಲೊಂದಕ್ಕೆ ಹಲವು ವರ್ಷ ಸಂದರ್ಶನ ಮಾಡಿ ನಿವೃತ್ತರಾದವರು. ನನ್ನ ಎಕ್ಸೆಲ್ ಹಾಳೆ ನೋಡಿ ಹೊಟ್ಟೆ ಹಿಡಿದು ನಕ್ಕರು. ‘ಮಾರಾಯ, ಹನ್ನೆರಡೂವರೆಗೆ ಬಂದ ಮಕ್ಕಳನ್ನು ಮಾತಾಡಿಸುವಾಗ ನಂಗೆ ಹಸಿವಾಗಿರ್ತಿತ್ತು. ಇದರಲ್ಲಿ ಆ ಕಾಲಂ ಎಲ್ಲಿದೆ?’ ಆಮೇಲೆ ಅವರು ಹೇಳಿದ ಕತೆಯನ್ನು ನಾನು ಹುಡುಕಿ ಓದಿಯೂ ನೋಡಿದೆ. ಹ್ಯೂಸ್ಟನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲು 1979ರಲ್ಲಿ ಸುಮಾರು 800 ಜನರನ್ನು ಸಂದರ್ಶಿಸಿ, ಒಬ್ಬೊಬ್ಬರಿಗೂ ರ್‍ಯಾಂಕು ಹಾಕಿ, ಮೇಲಿನವರಲ್ಲಿ 150 ಜನರನ್ನು ತೆಗೆದುಕೊಂಡಿತ್ತು. ಎಲ್ಲ ಮುಗಿದಮೇಲೆ ರಾಜ್ಯದ ಶಾಸನಸಭೆ ಇನ್ನೂ 50 ಜನರನ್ನು ಸೇರಿಸಿಕೊಳ್ಳಿ ಎಂದಿತು. ಅಷ್ಟರಲ್ಲಿ ಪಟ್ಟಿಯ ಮೇಲಿದ್ದವರೆಲ್ಲ ಬೇರೆ ಕಡೆ ಸೇರಿಯಾಗಿತ್ತು. ಉಳಿದಿದ್ದವರು 700ರ ಆಚೆಯವರು, ಬಹುಪಾಲು ಎಲ್ಲೂ ಸೀಟು ಸಿಗದವರು. ಅವರನ್ನೇ ತೆಗೆದುಕೊಂಡರು. ಈ ಎರಡು ಗುಂಪುಗಳನ್ನು ಹೋಲಿಸಿದ ವರದಿ 1987ರಲ್ಲಿ ‘ಜಾಮಾ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಓದಿನಲ್ಲಾಗಲಿ, ಆಸ್ಪತ್ರೆಯ ವಾರ್ಡುಗಳಲ್ಲಾಗಲಿ, ಡಿಗ್ರಿಯ ನಂತರದ ಮೊದಲ ವರ್ಷದ ತರಬೇತಿಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಹಾಗಾದರೆ ಈ ಕೋಟು, ಈ ಎಂಟು ಪರೀಕ್ಷಕರು, ಈ ನಾಲ್ಕು ತಿಂಗಳ ಮೌನ ಯಾಕೆ? ಡಾಕ್ಟರು ಅದಕ್ಕೂ ಉತ್ತರ ಇಟ್ಟಿದ್ದರು: ‘ಸೀಟಿಗಿಂತ ಯೋಗ್ಯರು ಜಾಸ್ತಿ ಇದ್ದಾಗ ಯಾವುದಾದರೂ ಒಂದು ಜರಡಿ ಬೇಕಲ್ಲ. ಜರಡಿಯಲ್ಲಿ ಉಳಿದದ್ದೇ ಹೊಟ್ಟು ಅಂದ್ಕೋಬೇಡ.’ ಎಕ್ಸೆಲ್ ಹಾಳೆಯನ್ನು ಅಳಿಸಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅಳಿಸಲಿಲ್ಲ, ತೆರೆಯುವುದನ್ನು ನಿಲ್ಲಿಸಿದೆ.

ಫೆಬ್ರವರಿ ಮಾರ್ಚ್‌ನಲ್ಲಿ ಉಳಿದ ಮೂರು ಕಡೆಯಿಂದ ಉತ್ತರ ಬಂತು. ಮೂರೂ ವೇಯ್ಟ್‌ಲಿಸ್ಟ್. ಹೌದೂ ಅಲ್ಲ, ಇಲ್ಲವೂ ಅಲ್ಲ.

ಮಲೆನಾಡಿನ ಮದುವೆಮನೆಗಳಲ್ಲಿ ಉಂಡವರಿಗೆ ಇದನ್ನು ವಿವರಿಸುವುದು ಸುಲಭ. ಮೊದಲ ಪಂಕ್ತಿ ಕೂತಾಗಿದೆ. ಎರಡನೆಯ ಪಂಕ್ತಿಯವರು ಉಣ್ಣುವವರ ಬೆನ್ನ ಹಿಂದೆಯೇ ನಿಂತಿದ್ದಾರೆ. ಎಲೆಗೆ ಪಾಯಸ ಬಿತ್ತು, ಇನ್ನು ಮೊಸರು ಬಂದರೆ ಆಯಿತು ಎಂದು ಲೆಕ್ಕ ಹಾಕುತ್ತಿದ್ದಾರೆ. ಇಲ್ಲಿನ ವಿಚಿತ್ರವೆಂದರೆ ಮೊದಲ ಪಂಕ್ತಿಯ ಜಾಣನೊಬ್ಬ ನಾಲ್ಕು ಚಪ್ಪರಗಳಲ್ಲಿ ಏಕಕಾಲಕ್ಕೆ ಎಲೆ ಹಾಕಿಸಿಕೊಂಡು ಕೂತಿರಬಹುದು. ಎಷ್ಟು ಸ್ಕೂಲು ಸೀಟು ಕೊಟ್ಟರೂ ಒಬ್ಬ ಅಭ್ಯರ್ಥಿ ಎಲ್ಲವನ್ನೂ ಏಪ್ರಿಲ್ 15ರವರೆಗೆ, ಆಮೇಲೆ ಹೆಚ್ಚೆಂದರೆ ಮೂರನ್ನು ಏಪ್ರಿಲ್ 30ರವರೆಗೆ ಹಿಡಿದಿಟ್ಟುಕೊಳ್ಳಬಹುದು. ಆ ದಿನ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಡಬೇಕು. ಬಿಟ್ಟ ಎಲೆಗಳಿಗೆ ಹಿಂದೆ ನಿಂತವರನ್ನು ಕರೆಯುತ್ತಾರೆ. ಆ ಕರೆ ಮೇ, ಜೂನ್, ಕೆಲವೊಮ್ಮೆ ತರಗತಿ ಶುರುವಾಗುವ ವಾರದವರೆಗೂ ನಡೆಯುತ್ತದೆ. ಕೆಲವು ಸ್ಕೂಲುಗಳು ವೇಯ್ಟ್‌ಲಿಸ್ಟಿಗೆ ಕ್ರಮಸಂಖ್ಯೆ ಹಾಕುತ್ತವೆ, ಹಲವು ಹಾಕುವುದೇ ಇಲ್ಲ. ಯಾರೋ ಎದ್ದುಹೋದರೆ, ಎದ್ದವನಂಥವನೇ ಇನ್ನೊಬ್ಬ ಬೇಕೆಂದು ಹುಡುಕಿ ಕರೆಯುವವರೂ ಇದ್ದಾರೆ.

ಹೀಗೆ ನಿಂತವರು ತಮ್ಮ ಆಸಕ್ತಿ ತಿಳಿಸಿ ಪತ್ರ ಬರೆಯಬಹುದು. ‘ನೀವು ಕರೆದರೆ ಖಂಡಿತ ಬರುತ್ತೇನೆ, ನೀವೇ ನನ್ನ ಮೊದಲ ಆಯ್ಕೆ’ ಎಂಬ ಪತ್ರವನ್ನು ಒಂದೇ ಒಂದು ಸ್ಕೂಲಿಗೆ ಬರೆಯುವುದು ಇಲ್ಲಿನ ಮರ್ಯಾದೆ. ನಾನು ಮೂರಕ್ಕೂ ಬರೆದುಬಿಡು ಅಂದೆ. ಯಾರಿಗೆ ಗೊತ್ತಾಗುತ್ತೆ? ಮಗಳು ಲ್ಯಾಪ್‌ಟಾಪಿನಿಂದ ಮುಖವೆತ್ತಿ, ‘ಡಾಕ್ಟರ್ ಆಗೋದಕ್ಕೆ ಸುಳ್ಳು ಹೇಳಿ ಶುರು ಮಾಡ್ಲಾ?’ ಅಂದಳು. ಒಂದಕ್ಕೇ ಬರೆದಳು. ಯಾವುದಕ್ಕೆ ಎಂದು ನನಗೆ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅದು ಬಹುಶಃ ಆ ವರ್ಷ ನಾನು ಮಾಡಿದ ಮೊದಲ ಒಳ್ಳೆಯ ಕೆಲಸ.

2024ರ ಏಪ್ರಿಲ್ 8ರ ಮಧ್ಯಾಹ್ನ ಕ್ಲೀವ್‌ಲ್ಯಾಂಡಿನ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಮೂರೂ ಕಾಲರ ಹೊತ್ತಿಗೆ ಹಿತ್ತಲಲ್ಲಿ ಸುಮಾರು ನಾಲ್ಕು ನಿಮಿಷ ಕತ್ತಲು. ಕಪ್ಪು ಕನ್ನಡಕ ತೆಗೆದು ಮೂವರೂ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಎಷ್ಟೋ ತಿಂಗಳ ಮೇಲೆ ಫೋನು ಒಳಗಡೆಯೇ ಉಳಿದ ಮಧ್ಯಾಹ್ನ ಅದು. ಶಿವಮೊಗ್ಗದಿಂದ ಅಮ್ಮ ಬೆಳಿಗ್ಗೆಯೇ ತಾಕೀತು ಮಾಡಿದ್ದಳು, ಗ್ರಹಣ ನೋಡಬೇಡಿ ಎಂದು. ನೋಡಿದೆವು. ಮರುದಿನ ಯುಗಾದಿ. ಹಸಿ ಬೇವು ನಮಗಿಲ್ಲಿ ಸಿಗುವುದಿಲ್ಲ, ಇಂಡಿಯನ್ ಅಂಗಡಿಯ ಒಣಗಿದ ಎಲೆಯೇ ಗತಿ. ಮಗಳು ಬೆಲ್ಲವನ್ನು ಆರಿಸಿ ತಿಂದು ಬೇವನ್ನು ನನ್ನ ತಟ್ಟೆಗೆ ಹಾಕಿದಳು. ಬೇಡದ್ದನ್ನು ನನ್ನ ತಟ್ಟೆಗೆ ಹಾಕುವ ಚಿಕ್ಕಂದಿನ ಈ ಚಾಳಿ ಜನವರಿಯಿಂದ ನಿಂತುಹೋಗಿತ್ತು.

ಏಪ್ರಿಲ್ 30 ಬಂತು, ಹೋಯಿತು. ಮೇ ಹೋಯಿತು. ಮಗಳ ಡಿಗ್ರಿ ಮುಗಿಯಿತು. ಹತ್ತಿರದ ಆಸ್ಪತ್ರೆಯೊಂದರಲ್ಲಿ ಡಾಕ್ಟರ ಪಕ್ಕ ಕೂತು ರೋಗಿಯ ವಿವರಗಳನ್ನು ಟೈಪಿಸುವ ಸ್ಕ್ರೈಬ್ ಕೆಲಸಕ್ಕೆ ಅವಳು ಸೇರಿದಳು. ಮತ್ತೊಮ್ಮೆ ಅರ್ಜಿ ಹಾಕಬೇಕಾಗಿ ಬರಬಹುದೆಂದು ಪ್ರಬಂಧ ತಿದ್ದುವುದಕ್ಕೂ ಶುರುಮಾಡಿದಳು. ಅದನ್ನು ಅವಳು ಹೇಳಿದ್ದು ಅನ್ನಕ್ಕೆ ತುಪ್ಪ ಬಡಿಸಿಕೊಳ್ಳುತ್ತ, ಹವೆಯ ವಿಚಾರ ಹೇಳಿದ ಹಾಗೆ. ಎಂಟು ತಿಂಗಳಲ್ಲಿ ಅವಳು ಕಲಿತದ್ದನ್ನು ನಾನು ಕಲಿತಿರಲಿಲ್ಲ ಎಂಬುದು ಅವತ್ತು ಗೊತ್ತಾಯಿತು.

ಅತ್ತ ಶಿವಮೊಗ್ಗದಲ್ಲಿ ಕತೆ ಬೇರೆಯೇ ತಿರುವು ತೆಗೆದುಕೊಂಡಿತ್ತು. ನೀಟ್ ಫಲಿತಾಂಶ ಜೂನ್ 4ಕ್ಕೆ ಬಂತು. ಪರೀಕ್ಷೆ ಬರೆದವರು 23 ಲಕ್ಷದ ಮೇಲೆ, ಪೂರ್ತಿ 720 ಅಂಕ ತೆಗೆದವರೇ 67 ಜನ. ಕೃಪಾಂಕದ ಗಲಾಟೆ, ಸೋರಿಕೆಯ ಆರೋಪ, 1563 ಜನರ ಕೃಪಾಂಕ ವಾಪಸ್, ಅವರಿಗೆ ಜೂನ್ 23ಕ್ಕೆ ಮರುಪರೀಕ್ಷೆ, ಸುಪ್ರೀಂ ಕೋರ್ಟ್. ಇಡೀ ಪರೀಕ್ಷೆಯನ್ನೇ ಮತ್ತೆ ನಡೆಸುವ ಅಗತ್ಯವಿಲ್ಲ ಎಂದು ಕೋರ್ಟು ಹೇಳಿದ್ದು ಜುಲೈ 23ಕ್ಕೆ. ಭೌತಶಾಸ್ತ್ರದ ಒಂದು ಪ್ರಶ್ನೆಯ ಉತ್ತರ ಬದಲಾಗಿ ಪಟ್ಟಿ ಪರಿಷ್ಕರಣೆಯಾದಾಗ 720 ಅಂಕದವರು 17ಕ್ಕೆ ಇಳಿದರು, ನನ್ನ ತಮ್ಮನ ಮಗನ ರ್‍ಯಾಂಕು ಸಾವಿರಾರು ಮನೆ ಆಚೀಚೆಯಾಯಿತು. ‘ನೀಟ್ ಮುಂದೆ ಇದೇನು ಮಹಾ’ ಅಂದಿದ್ದ ತಮ್ಮ ರಾತ್ರಿಯೆಲ್ಲ ನನಗೆ ಫೋನ್ ಮಾಡತೊಡಗಿದ. ನಂಬರು ಕಣ್ಣಿಗೆ ಕಂಡರೆ ನೆಮ್ಮದಿ ಎಂದು ನಾನು 28 ವರ್ಷ ನಂಬಿಕೊಂಡು ಬಂದದ್ದೂ ಆ ಬೇಸಿಗೆಗೆ ಮುಗಿಯಿತು. ಹುಡುಗ ಏನು ಮಾಡ್ತಿದ್ದಾನೆ ಎಂದು ಕೇಳಿದರೆ ‘ಫೋನ್ ನೋಡ್ತಾ ಕೂತಿದ್ದಾನೆ, ಹತ್ತು ನಿಮಿಷಕ್ಕೊಂದ್ಸಲ ಕೇಳ್ತಾ ಇದೀನಿ’ ಅಂದ. ಮೊದಲು ಆ ಕೇಳೋದನ್ನ ನಿಲ್ಲಿಸು ಅಂದೆ. ದೋಸೆಯ ಕತೆಯನ್ನು ಅವನಿಗೆ ಅವತ್ತೇ ಮೊದಲು ಹೇಳಿದ್ದು. (ಹುಡುಗನಿಗೆ ಸೀಟು ಖಾತ್ರಿಯಾದದ್ದು ಎರಡನೆಯ ಸುತ್ತಿನಲ್ಲಿ, ಮಳೆಗಾಲ ಮುಗಿದಮೇಲೆ.)

ಈ ಗಲಾಟೆಗಳ ನಡುವೆ, ಜೂನ್ ಕೊನೆಯ ವಾರದ ಒಂದು ದಿನ ಬೆಳಿಗ್ಗೆ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಮೇಜಿನ ಮೇಲೆ ಫೋನು ಗುರುಗುಟ್ಟಿತು. ಅಮ್ಮ. ಆ ಹೊತ್ತಿಗೆ ಶಿವಮೊಗ್ಗದಲ್ಲಿ ರಾತ್ರಿ ಎಂಟು ದಾಟಿರುತ್ತದೆ, ಅಮ್ಮ ಎಂದೂ ಹಾಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಮಾಡಿದವಳಲ್ಲ. ಮೊಮ್ಮಗನದೇ ಏನೋ ಆಗಿದೆ ಎಂದು ಎದೆ ಧಸಕ್ಕೆಂದು ಹೊರಗೋಡಿದೆ. ‘ಎಲ್ಲಿದೀಯೋ, ಎರಡು ಸಲ ಮಾಡಿದೆ’ ಎಂದು ಬೈದಳು. ಆಮೇಲೆ, ‘ನಿನ್ ಮಗಳಿಗೆ ಸೀಟ್ ಸಿಕ್ತಂತೆ. ಫೋನ್ ಬಂದ ಕೂಡಲೇ ನನಗೆ ಹೇಳ್ತೀನಿ ಅಂತ ಮಾತು ಕೊಟ್ಟಿದ್ಲು, ಈಗ ಹೇಳಿದ್ಲು. ನಿಂಗಿನ್ನೂ ಹೇಳಿಲ್ವಾ?’

ಮಗಳು ಅವತ್ತು ರಜೆಯಲ್ಲಿದ್ದಳು, ನನ್ನ ಆಫೀಸಿನಿಂದ ಹನ್ನೊಂದು ಮೈಲಿ ದೂರದ ನಮ್ಮದೇ ಮನೆಯಲ್ಲಿ. ನನಗೆ ಸುದ್ದಿ ಬಂದದ್ದು ಶಿವಮೊಗ್ಗದಿಂದ.